ವಕಾರ್ ಮಾಸ್ತರರ ಜಗಳದ ಪಾಠ

ವಕಾರ್ ಮಾಸ್ತರನಿಗೆ ಬಸ್ಸು ಹತ್ತಿದರೆ ವಾಂತಿ. ಹಾಗಾಗಿ ಅವನು ಕಲಿಸುವ ರೋಜಾ ಬಡಾವಣೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಮಾಲಕಿ ನಜ್ಮಾ ಮೇಡಂ, ಬಸ್ಸಿನಲ್ಲೇ ಹೋಗಬೇಕಾದ ಕಮಲಾಪುರದಲ್ಲಿ ಹೊಸ ಶಾಖೆ ತೆರೆಯುತ್ತಾರೆಂಬ ಸುದ್ದಿ ಕೇಳಿಯೇ ಅವನು ಒಂದು ನಿಂಬೆಹಣ್ಣು ಕೊಂಡು ಜೇಬಿಗಿಟ್ಟುಕೊಂಡಿದ್ದ. ಇವತ್ತು ಮೇಡಂ ಅವನ ಪಾಠ ನೋಡಲು ಬರುವವರಿದ್ದರು. ಪಾಠ ಕೆಟ್ಟರೆ ತನ್ನನ್ನೇ ಅಲ್ಲಿಗೆ ಅಟ್ಟುತ್ತಾರೆ ಎಂಬುದು ಅವನ ಲೆಕ್ಕ.

ಪಾಠವೋ, ಜಗಳದ ಇಂಗ್ಲಿಷ್ ಕ್ರಿಯಾಪದಗಳದ್ದು. ಕಾರಣ ಕೊಟ್ಟು ವಾದಿಸಿದರೆ ‘ಆರ್ಗ್ಯೂ’, ಚಿಲ್ಲರೆ ವಿಷಯಕ್ಕೆ ಕಿತ್ತಾಡಿದರೆ ‘ಬಿಕರ್’, ಸಿಟ್ಟು ನೆತ್ತಿಗೇರಿದರೆ ‘ಕ್ವಾರಲ್’. ಎಷ್ಟು ಹೇಳಿದರೂ ವಿದ್ಯಾರ್ಥಿಗಳಿಗೆ ಮೂರೂ ಒಂದೇ. ಕಣ್ಣಾರೆ ತೋರಿಸೋಣವೆಂದು ವಕಾರ್ ಗಾಜಿಪುರ ಓಣಿಯ ತನ್ನ ನೆರೆಮನೆಯ ಗಂಡ ಹೆಂಡತಿ, ಯಂಕಪ್ಪ ಮತ್ತು ಪುತಳಾಬಾಯಿಯನ್ನು ಕರೆದ. ನಲ್ಲಿಯಲ್ಲಿ ನೀರು ಬಂದಾಗ ಅವರಾಡುವ ಜಗಳವನ್ನು ಅವನು ಕಿಟಕಿಯಲ್ಲಿ ನಿಂತು ಭಕ್ತಿಯಿಂದ ಕೇಳುತ್ತಿದ್ದ. ಒಂದು ಬೈಗುಳವನ್ನು ಎರಡು ಸಲ ಬಳಸದ ಜೋಡಿ ಅದು.

ಇಬ್ಬರೂ ಮದುವೆಗೆ ಹೊರಟವರಂತೆ ಉಟ್ಟು ಬಂದರು. ಮೇಡಂ ಚಹಾ ತರಿಸಿಕೊಟ್ಟು ಹಿಂದಿನ ಬೆಂಚಿನಲ್ಲಿ ಕುಳಿತರು.

"ಶುರು ಮಾಡ್ರಿ ಕಾಕಾ," ಎಂದ ವಕಾರ್.

"ಮೊದಲ ನೀ ಮಾತಾಡು," ಎಂದ ಯಂಕಪ್ಪ ಹೆಂಡತಿಗೆ.

"ಇಲ್ರೀ, ನೀವ ಹಿರಿಯರು. ನೀವ ಮಾತಾಡ್ರಿ."

"ಕೊಡ ಯಾಕ ತುಂಬಲಿಲ್ಲ ಅಂತ ಕೇಳ್ರಿ," ವಕಾರ್ ಬೆವರು ಒರೆಸಿಕೊಂಡ.

"ಚಾ ಕುಡಿಸಿದವರ ಮುಂದ ಜಗಳಾಡಬಾರದ್ರಿ ಸರ್. ನಮಗೂ ರೀತಿ ರಿವಾಜು ಅದ," ಎಂದಳು ಪುತಳಾಬಾಯಿ.

ಮೇಡಂ ಗಡಿಯಾರ ನೋಡಿದರು. ವಕಾರ್‌ನ ಕಣ್ಣ ಮುಂದೆ ಬಸ್ಸು ಬಂದು ನಿಂತಿತು. "ದಿನಾ ಓಣಿ ಎಬ್ಬಸ್ತೀರಿ, ಇಲ್ಲಿ ಬಂದು ಸಜ್ಜನರಾಗಾಕತ್ತೀರಿ?" ಎಂದುಬಿಟ್ಟ.

ಯಂಕಪ್ಪ ಲೋಟ ಕೆಳಗಿಟ್ಟ. "ಕಿಟಕ್ಯಾಗ ನಿಂತು ಮಂದಿ ಮನಿ ಮಾತು ಕೇಳೋ ನೀವು ಸಜ್ಜನರೇನ್ರಿ?"

ಅದು ಯಾಕೆ ತಪ್ಪೆಂದು ಪುತಳಾಬಾಯಿ ಬೆರಳು ಮಡಚಿ ಕಾರಣ ಹೇಳತೊಡಗಿದಾಗ ಒಬ್ಬಳು ವಿದ್ಯಾರ್ಥಿನಿ "ಆರ್ಗ್ಯೂ" ಎಂದಳು. ತಮ್ಮ ಮನೆಯಿಂದ ಒಯ್ದ ಬಕೆಟ್ ಮರಳಿಸಿಲ್ಲವೆಂದು ಯಂಕಪ್ಪ, ಅದು ತೂತಾಗಿತ್ತೆಂದು ವಕಾರ್. "ಬಿಕರ್," ಎಂದರು ನಾಲ್ಕೈದು ಜನ. ಆಮೇಲೆ ಮೂವರೂ ಒಟ್ಟಿಗೆ ಕೂಗಾಡಿದ್ದಕ್ಕೆ ಕೆಳಗಿನ ಅಂಗಡಿಯವರು ಮೆಟ್ಟಿಲೇರಿ ಬಂದಾಗ, ಇಡೀ ಕ್ಲಾಸು "ಕ್ವಾರಲ್" ಎಂದಿತು. ವಕಾರ್ ಬೈಯುವುದನ್ನು ಮರೆತು ಬೆರಗಾಗಿ ನಿಂತ. ಎಂಥ ಚಂದದ ಪಾಠ, ಅದೂ ತನ್ನದು.

ಮೇಡಂ ಎದ್ದು ಚಪ್ಪಾಳೆ ತಟ್ಟಿದರು. "ಇಂಥ ಪಾಠ ನಾ ನೋಡೇ ಇಲ್ರಿ ವಕಾರ್. ಇಲ್ಲಿ ಯಾರಾದ್ರೂ ನಡೀತದ. ಹೊಸ ಶಾಖಾಕ್ಕ ನಿಮ್ಮಂಥವರೇ ಬೇಕು. ಸೋಮವಾರದಿಂದ ಕಮಲಾಪುರಕ್ಕ ಹೋಗ್ರಿ."

ಜಗಳದ ಕ್ರಿಯಾಪದಗಳನ್ನೆಲ್ಲ ಅರೆದು ಕುಡಿದ ವಕಾರ್ "ಹೂಂ ಮೇಡಂ" ಎಂದು ಜೇಬಿನ ನಿಂಬೆಹಣ್ಣು ಮುಟ್ಟಿ ನೋಡಿಕೊಂಡ.

ಪುತಳಾಬಾಯಿಯ ಸಿಟ್ಟು ಇಳಿದಿತ್ತು. "ಅಲ್ಲಿ ಕೆಂಪು ಬಾಳಿಹಣ್ಣು ಭಾಳ ಛಲೋ ಇರ್ತಾವ್ರಿ ಸರ್. ಬರೋವಾಗ ಒಂದು ಡಜನ್ ತರ್ರಿ."

"ಒಂದ್ಯಾಕ, ಎರಡು ತರ್ಲಿ," ಎಂದ ಯಂಕಪ್ಪ.

"ಎರಡು ತಂದ್ರ ತಿನ್ನೋರ್ಯಾರು? ಹಲ್ಲೆಲ್ಲಿ ಅದಾವ ನಿಮಗ?"

ಗಂಡ ಹೆಂಡತಿ ಈಗ ಶುರು ಮಾಡಿದರು.