ಜನವರಿ ಪುಟದ ಸಮುದ್ರ

"ಬರೋ ವರ್ಷದ ಕ್ಯಾಲೆಂಡರಿನಾಗ ಜನವರಿ ನಂದ ನೋಡ," ಎಂದು ಬಸವಪ್ರಭು ಖಡಕಿಯ ಕ್ವಾರ್ಟರ್ಸಿನ ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಡತಿ ತ್ರಿವೇಣಿಯ ಮುಂದೆ ಘೋಷಿಸಿದ. ಊರು ಬಿಟ್ಟು ಈ ಮರಾಠಿ ನಗರಕ್ಕೆ ಬಂದವರ ಕನ್ನಡ ಬಳಗ ಪ್ರತಿವರ್ಷ ಸದಸ್ಯರು ತೆಗೆದ ಫೋಟೋಗಳಿಂದಲೇ ಕ್ಯಾಲೆಂಡರು ಮಾಡಿಸುತ್ತಿತ್ತು. ಅದರಲ್ಲಿ ಜನವರಿ ಪುಟ ಸಿಕ್ಕರೆ ಪಟ್ಟಾಭಿಷೇಕವಾದಂತೆ. ಆದರೆ ಆ ಪಟ್ಟ ಹೋಟೆಲಿನ ಮಹಾಲಿಂಗ ಶೆಟ್ಟರನ್ನು ಬಿಟ್ಟು ಅಲುಗುತ್ತಿರಲಿಲ್ಲ. ರಜೆಗೆ ಮಲ್ಪೆಗೆ ಹೋದಾಗಲೆಲ್ಲ ಅವರು ಒಂದು ಸಮುದ್ರ ಹಿಡಿದು ತರುತ್ತಿದ್ದರು. ನಮ್ಮ ಬಸವಪ್ರಭುವಿಗೆ ಹೋದ ವರ್ಷ ದಕ್ಕಿದ್ದು ಫೆಬ್ರವರಿ. ಅದೂ ಇಪ್ಪತ್ತೆಂಟೇ ದಿನದ ತಿಂಗಳು!

"ಶೆಟ್ಟರದು ಬರೇ ಬೀಚು. ನಾ ತರೂದು ಜಾಮನಗರದ ಸಾಗರ ರಾಷ್ಟ್ರೀಯ ಉದ್ಯಾನದ ಸೂರ್ಯೋದಯ."

"ಸಮುದ್ರ ಹೆಂಗಿರ್ತದಂತ ಒಮ್ಮೆರ ನೋಡೀರೇನ್ರಿ?"

"ನೋಡೂದೇನದ? ನಮ್ಮೂರ ಕೆರಿ ಇದ್ದಂಗ. ಸ್ವಲ್ಪ ದೊಡ್ಡದು, ಅಷ್ಟ."

ಸಮುದ್ರವೂ ಕೆರೆಯಂತೆ ಇಟ್ಟಲ್ಲೇ ಇರುತ್ತದೆ ಎಂಬ ಈ ವಿಜಾಪುರದ ನಂಬಿಕೆಯನ್ನು ಹೊತ್ತು ಗಂಡಹೆಂಡತಿ ರೈಲು ಬದಲಿಸಿ ಜಾಮನಗರ ತಲುಪಿ, ಜೀಪು ಹಿಡಿದು, ಬೆಳಕು ಹರಿಯುವ ಹೊತ್ತಿಗೆ ಉದ್ಯಾನದ ದಂಡೆಯಲ್ಲಿ ನಿಂತರು. ಬಸವಪ್ರಭು ಟ್ರೈಪಾಡ್ ಊರಿ, ಹೊಸ ರೋಲು ಹಾಕಿ, ಒಂದು ಕಣ್ಣು ಮುಚ್ಚಿ ನೋಡಿದ. ಸಮುದ್ರ ಇರಲಿಲ್ಲ. ಎರಡೂ ಕಣ್ಣು ತೆರೆದು ನೋಡಿದ. ಆಗಲೂ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಕಪ್ಪು ಕೆಸರು, ಅದರ ಮೇಲೆ ನೀರು ಎಳೆದು ಹೋದ ಸಾಲುಸಾಲು ಗೆರೆ, ಅಂಚಿನಲ್ಲಿ ಉಪ್ಪುನೀರಲ್ಲೇ ಬೆಳೆಯುವ ಒಂದು ಕಾಂಡ್ಲಾ ಗಿಡ, ಪಕ್ಕದಲ್ಲೊಂದು ಬೆಳ್ಳಕ್ಕಿ.

ಅರಣ್ಯ ಇಲಾಖೆಯ ಕಾವಲುಗಾರ ಹಿಂದಿಯಲ್ಲಿ ಸಮಾಧಾನ ಹೇಳಿದ. "ನೀರು ಇಳಿದಿದೆ ಸಾಹೇಬ್ರೇ, ಮಧ್ಯಾಹ್ನ ಬರುತ್ತದೆ. ತಳದ ಹವಳ ನೋಡುವವರು ಈ ಇಳಿತಕ್ಕೇ ಕಾದಿರುತ್ತಾರೆ."

"ಮಧ್ಯಾಹ್ನ ಬರ್ತದಂತ! ಸಮುದ್ರ ಅಂದ್ರೇನು ಸಿಟಿ ಬಸ್ಸೇನ?" ಎಂದು ಬಸವಪ್ರಭು ಹೆಂಡತಿಯ ಮೇಲೆ ಹರಿಹಾಯ್ದ. ಮಧ್ಯಾಹ್ನ ಅವರ ವಾಪಸು ರೈಲೂ ಇತ್ತು. ಬಾರದ ಸಮುದ್ರವನ್ನು ತಾನೇ ಹೋಗಿ ಕಾಣುತ್ತೇನೆಂದು ಕೆಸರಿಗಿಳಿದ; ಮೊಳಕಾಲ ತನಕ ಹೂತು ಹೋದ. ತ್ರಿವೇಣಿ ಮತ್ತು ಕಾವಲುಗಾರ ಸೇರಿ ಎಳೆದಾಗ ಮನುಷ್ಯ ಬಂದ, ಚಪ್ಪಲಿ ಬರಲಿಲ್ಲ. ಬಂದ ತಪ್ಪಿಗೆ ಇರಲಿ ಎಂದು ಆ ಕೆಸರನ್ನೇ ನಾಲ್ಕಾರು ಸಲ ಕ್ಲಿಕ್ಕಿಸಿ ಬರಿಗಾಲಲ್ಲಿ ಜೀಪು ಹತ್ತಿದ.

ಫೋಟೋ ಆರಿಸುವ ಸಭೆ ಅದೇ ನಗರದ ಬಿಬವೇವಾಡಿಯಲ್ಲಿ, ಬಳಗದ ಅಧ್ಯಕ್ಷ ಗೂಳಪ್ಪನವರ ಬಟ್ಟೆ ಅಂಗಡಿಯಲ್ಲಿ. ಶೆಟ್ಟರ ಮಲ್ಪೆ ಆಗಲೇ ಮೇಜಿನ ಮೇಲೆ ಫಳಫಳ ಹೊಳೆಯುತ್ತಿತ್ತು. ಬಸವಪ್ರಭು ನಾಚಿಕೊಂಡು ತನ್ನದನ್ನು ಬೋರಲು ಹಾಕಿ ಇಟ್ಟ. ಗೂಳಪ್ಪ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

"ಯಾರ ಹೊಲಾನೋ ತಮ್ಮಾ ಇದು? ಕರೀ ಮಣ್ಣಿನ ಎರಿ ಭೂಮಿ. ಮಳಿ ಆದ ಮರುದಿನದ್ದು. ಬದುವಿನ ಮ್ಯಾಲ ಜಾಲಿ ಗಿಡ ಬ್ಯಾರೆ. ನಮ್ಮಪ್ಪನ ಹೊಲ ಹಿಂಗ ಇತ್ತು ನೋಡು." ಮುದುಕರು ಫೋಟೋವನ್ನು ಮೇಜಿನ ನಡುವೆ ಇಟ್ಟರು. ಉಳಿದವರೂ ಬಗ್ಗಿ ನೋಡಿದರು. ಒಬ್ಬರಿಗೆ ಅದರಲ್ಲಿ ತಮ್ಮೂರು ಇಂಡಿ ಕಂಡಿತು, ಇನ್ನೊಬ್ಬರಿಗೆ ಮುದ್ದೇಬಿಹಾಳ. ಗೂಳಪ್ಪ ಕನ್ನಡಕ ಒರೆಸಿಕೊಂಡರು. "ಜನವರಿಗೆ ಇದ. ಮಾತ ಮುಗೀತು."

ಬಸವಪ್ರಭುವಿಗೆ ಹಿಗ್ಗೂ ಬಂತು, ಬೆವರೂ ಬಂತು. "ಕಾಕಾ, ಅದು..." ಎನ್ನುವಷ್ಟರಲ್ಲಿ ತ್ರಿವೇಣಿಯ ಮೊಳಕೈ ಪಕ್ಕೆಗೆ ತಾಗಿತು. ಶೆಟ್ಟರು ಫೋಟೋ ತೆಗೆದುಕೊಂಡು ನೋಡಿದರು, ಆಮೇಲೆ ಬಸವಪ್ರಭುವನ್ನು ನೋಡಿದರು. ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದವರು; ಅವರ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿರಲಿಲ್ಲ.

"ಈ ಹೊಲ ನಂಗೂ ಗೊತ್ತುಂಟು ಮಾರಾಯ್ರೆ," ಎಂದು ಮೀಸೆಯಡಿ ನಕ್ಕರು. "ಒಳ್ಳೆ ಹೊಲ. ಇದನ್ನೇ ಹಾಕುವ."

ಗೂಳಪ್ಪನವರಿಗೆ ಇನ್ನೊಂದು ಚಿಂತೆ ಉಳಿದಿತ್ತು. "ಎಲ್ಲಾ ಛಲೋ ಅದ. ಖರೇ, ಇಷ್ಟು ದೊಡ್ಡ ಹೊಲಕ್ಕ ನೀರಿನ ಅನುಕೂಲ ಹೆಂಗದ?"

ಬಸವಪ್ರಭು ಅಂಗಡಿಯ ಬಟ್ಟೆ ಮಡಿಕೆಗಳನ್ನು ಎಣಿಸತೊಡಗಿದ. ತ್ರಿವೇಣಿ ಸೆರಗು ಸರಿ ಮಾಡಿಕೊಂಡು ತಣ್ಣಗೆ ಹೇಳಿದಳು:

"ನೀರಿಗೇನ್ ಕಡಿಮಿ ಇಲ್ರಿ ಕಾಕಾ. ದಿನಕ್ಕ ಎರಡ ಸಲ ತಾನ ಬಂದು ಹೋಗ್ತದ."