ಮಾಸ್ತರರ ಖರೇ ‘ಬ್ಯಾಡ’

ಸೋನ್ಯಾಳದ ವಿಜ್ಞಾನ ಮಾಸ್ತರ ಬಸಗೊಂಡರು ಅಂದು ಉಪವಾಸ ಬಿದ್ದದ್ದಕ್ಕೆ ಕಾರಣ ಪಕ್ಕದ ಮನೆಯ ವಿಠೋಬ. ಮಾಸ್ತರರ ಮಗಳು ಪ್ರಾಜಕ್ತಾಳನ್ನು ನೋಡಿ ಮೆಚ್ಚಿದ್ದ ಹುಡುಗನ ತಾಯಿ ಶಾಂತಾದೇವಿ, ಮಾತು ಪಕ್ಕಾ ಮಾಡಲು ಮಾಸ್ತರರನ್ನು ಮುಂಬಯಿಗೆ ಊಟಕ್ಕೆ ಕರೆದಿದ್ದರು. ಹಿರಿಯನೊಬ್ಬ ಇರಲಿ ಎಂದು ತಾನಾಗಿಯೇ ಹೊರಟ ವಿಠೋಬ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಎಚ್ಚರಿಸಿದ್ದ: ಕೇಳಿದ ಕೂಡಲೇ ಹೂಂ ಅನ್ನಬಾರದು. ಎರಡು ಸಲ ಬ್ಯಾಡ ಅನ್ನಬೇಕು, ಮೂರನೆಯ ಸಲ ಅವರೇ ಒತ್ತಾಯ ಮಾಡಿ ಬಡಿಸುತ್ತಾರೆ. ಇಲ್ಲವಾದರೆ ಹುಡುಗಿಯ ಅಪ್ಪ ಬರಗೆಟ್ಟವನು ಎಂದು ಸಂಬಂಧವೇ ಮುರಿದೀತು.

ಹೋಟೆಲು ಸಮುದ್ರದ ದಂಡೆಗೇ ಇತ್ತು. ಅಡುಗೆ ಅರ್ಧ ಜಪಾನಿನದು, ಅರ್ಧ ಪೆರು ದೇಶದ್ದು. ಆಲೂಗಡ್ಡೆಯ ಮೂಲ ಪೆರು ಎಂದು ಇಪ್ಪತ್ತು ವರ್ಷ ಪಾಠ ಹೇಳಿದ ಮಾಸ್ತರರಿಗೆ ಗುರುತಿನವರ ಮನೆಗೆ ಬಂದಂತೆನಿಸಿತು. ಅಷ್ಟರಲ್ಲಿ ಶಾಂತಾದೇವಿಯ ಫೋನು ಬಂತು. ಗಾಡಿಗಳ ದಟ್ಟಣೆಯಲ್ಲಿ ಸಿಕ್ಕಿದ್ದೇನೆ, ಎಲ್ಲ ಶಾಕಾಹಾರವೇ ಹೇಳಿಟ್ಟಿದ್ದೇನೆ, ಊಟ ಶುರು ಮಾಡಿ ಎಂದರು.

ವೇಟರ ಮೊದಲು ಹಳದಿ ಆಲೂಗಡ್ಡೆಯ ಪುಟ್ಟ ಉಂಡೆಗಳನ್ನು ತಂದ. ಒಂದೊಂದರ ಮೇಲೂ ದೃಷ್ಟಿಬೊಟ್ಟಿನಷ್ಟು ಎಲೆ. ಬಡಿಸಲೇ ಎಂದು ಮರಾಠಿಯಲ್ಲಿ ಕೇಳಿದ. ಮಾಸ್ತರರು ಸಂಕೋಚದಿಂದ ಬೇಡ ಎಂದರು. ಅವನು ವಿನಯದಿಂದ ತಲೆಬಾಗಿ ವಿಠೋಬನ ಕಡೆ ತಿರುಗಿದ. ವಿಠೋಬ ತಟ್ಟೆ ಮುಂದೆ ಹಿಡಿದ.

ಆಮೇಲೆ ನಿಂಬೆರಸದ ಅಣಬೆ ಬಂತು, ಕವಡೆಯಂಥ ಕಾಳಿನ ಗೋವಿನಜೋಳ ಬಂತು, ಅನ್ನದ ಸುರುಳಿ ಬಂತು. ಮಾಸ್ತರರ ಎರಡನೆಯ ‘ಬೇಡ’ಕ್ಕೆ ಯಾರೂ ಅವಕಾಶವನ್ನೇ ಕೊಡಲಿಲ್ಲ. ಹೊಟ್ಟೆ ಬೋರು ಕೊರೆಯುವ ಗಾಡಿಯಂತೆ ಗುಡುಗತೊಡಗಿತು. ಮೂರು ಸಲ ಕೆಟ್ಟ ಪ್ರಯೋಗವನ್ನು ನಾಲ್ಕನೆಯ ಸಲವೂ ಹಾಗೆಯೇ ಮಾಡುವ ತಾನು ಎಂಥ ವಿಜ್ಞಾನ ಮಾಸ್ತರ ಎಂದು ತಮ್ಮನ್ನೇ ಬೈದುಕೊಂಡರು.

“ಅಲ್ಲೋ ವಿಠೋಬ, ನೀ ಯಾಕ ಬ್ಯಾಡ ಅನವಲ್ಲಿ?”

“ಬೀಗರಾಗೋರು ನೀವ್ರಿ ಮಾಸ್ತರ,” ಎಂದ ವಿಠೋಬ ಬಾಯಿ ಒರೆಸಿಕೊಳ್ಳುತ್ತ. “ನಾ ಬರೇ ಬಾಜೂ ಮನಿಯಾಂವ.”

ಶಾಂತಾದೇವಿ ಬಂದಾಗ ಮೇಜಿನ ಮೇಲೆ ಒಂದು ಕಾಳೂ ಉಳಿದಿರಲಿಲ್ಲ. ಊಟ ಭಾಳ ಚಲೋ ಆತು ಎಂದು ವಿಠೋಬ ಇಬ್ಬರ ಪರವಾಗಿಯೂ ಹೇಳಿಬಿಟ್ಟ.

“ಹಂಗಾದ್ರ ಲಗ್ನದ ಊಟಾನೂ ಈ ಹೋಟೆಲಿನವರ ಕಡೇನ ಮಾಡಸೂಣ್ರಿ. ಅದರ ಖರ್ಚು ನಮ್ಮ ಕಡಿಂದ,” ಎಂದರು ಶಾಂತಾದೇವಿ.

ಮಾಸ್ತರರ ಕಣ್ಣೆದುರು ಸೋನ್ಯಾಳದ ಐನೂರು ಮಂದಿ ಪಂಗತಿಯಲ್ಲಿ ಕೂತರು. ಎಲ್ಲರ ಮುಂದೆಯೂ ಒಂದೊಂದೇ ಆಲೂಗಡ್ಡೆ ಉಂಡೆ. ಅಕ್ಕ ಸಾವಿತ್ರೆವ್ವ ತನ್ನ ಉಂಡೆಯನ್ನು ಎತ್ತಿ ಹಿಡಿದು, ಉಳಿದ ಊಟ ಎಲ್ಲಿ ಎಂದು ಹುಡುಕುತ್ತಿದ್ದಳು.

“ಬ್ಯಾಡ್ರಿ,” ಎಂದರು ಮಾಸ್ತರರು. ಆ ದಿನ ಅವರ ಮನಸ್ಸಿನಿಂದ ಬಂದ ಮೊದಲ ಬ್ಯಾಡ ಅದು. “ಖರೇನ ಬ್ಯಾಡ್ರಿ ಅಕ್ಕಾರ.”

ಶಾಂತಾದೇವಿ ನಕ್ಕರು. “ನನ್ನ ತವರಮನಿ ನಿಮ್ಮ ಕಡೇನ, ವಳಸಂಗ್ರಿ ಮಾಸ್ತರ. ನಮ್ಮ ಮಂದಿ ಬ್ಯಾಡ ಅಂದ್ರ ಏನು ಅನ್ನೂದು ನನಗ ಗೊತ್ತಿಲ್ಲೇನು? ಒತ್ತಾಯ ಮಾಡೂದು ನಮ್ಮ ಕೆಲಸ.”

ಮಾಸ್ತರರು ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಶಾಂತಾದೇವಿ ವೇಟರನಿಗೆ ಐನೂರು ಮಂದಿಯ ಊಟ ಹೇಳಿ ಆಗಿತ್ತು.

ಅದೇ ಖುಷಿಗೆ ವೇಟರ ಸಿಹಿ ತಂದು ಮಾಸ್ತರರ ಪಕ್ಕ ಬಾಗಿದ. ಅವರಿನ್ನೂ ಲಗ್ನದ ಊಟ ಬೇಡವೆಂದು ತಲೆಯಾಡಿಸುತ್ತಲೇ ಇದ್ದರು. ತಟ್ಟೆ ವಿಠೋಬನ ಕಡೆ ಹೋಯಿತು.