ತಲೆಬರಹದ ಹಣೆಬರಹ

ಕಂಪ್ಯೂಟರಿಗೆ ಕನ್ನಡ ಬರುತ್ತದೆ ಎಂದು ಬೋರ್ಡು ಬರೆಸಿ ಬನಹಟ್ಟಿಯಲ್ಲಿ ಅಂಗಡಿ ಇಟ್ಟಿದ್ದೇನೆ. ಬೋರ್ಡು ಸುಳ್ಳೆಂದು ವಾರಕ್ಕೊಮ್ಮೆಯಾದರೂ ಸಾಬೀತಾಗುತ್ತದೆ. ಓಣಿಯ ನೇಕಾರ ಕಾಕಾನ ಪತ್ರಗಳನ್ನು ನೆನೆದರೆ ಮಾತ್ರ ಈಗಲೂ ನಗು ಬರುತ್ತದೆ, ನಕ್ಕಿದ್ದಕ್ಕೆ ನಾಚಿಕೆಯೂ ಆಗುತ್ತದೆ.

೧. ಸಂಶಯ

ಕಾಕಾ ತೀರಿಕೊಂಡಿದ್ದಾರೆಂದು ಕೈಮಗ್ಗ ಇಲಾಖೆಯ ಮೇಲಿನ ಕಚೇರಿಯ ಪಟ್ಟಿಯಲ್ಲಿ ಯಾರೋ ಬರೆದುಬಿಟ್ಟಿದ್ದರು. ನೇಕಾರರ ಗುರುತಿನ ಚೀಟಿ ರದ್ದಾಯಿತು. ಚೀಟಿ ಇಲ್ಲದವರಿಗೆ ನೇಕಾರರ ಸಂಘದಲ್ಲಿ ನೂಲು ಇಲ್ಲ. ಮಗ್ಗ ನಿಂತಿತು.

'ನಾನು ಬದುಕಿದ್ದೇನೆ' ಎಂದು ವಿಷಯದ ಸಾಲಿನಲ್ಲಿ, ಅಂದರೆ ತಲೆಬರಹದಲ್ಲಿ, ಹಾಕಿ ಇಮೇಲ್ ಕಳಿಸಿದೆ. ಇಮೇಲಿನಲ್ಲಿ ಒಳಗಿನ ಬರಹಕ್ಕೆ ಒಂದು ನಿಯಮ, ತಲೆಬರಹಕ್ಕೆ ಇನ್ನೊಂದು. ಕಚೇರಿಯ ಹಳೆಯ ವ್ಯವಸ್ಥೆಗೆ ತಲೆಬರಹದಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಗೊತ್ತಿಲ್ಲ. ಅಲ್ಲಿ ಮುಟ್ಟಿದ್ದು ಬರೀ '???? ???????'. ಅದು 'ಬದುಕಿದ್ದೇನೆ' ಅಂತ ಇತ್ತು ಎಂದು ಫೋನಿನಲ್ಲಿ ಗುಮಾಸ್ತರಿಗೆ ಹೇಳಿದೆ.

"ಎಲ್ಲಾ ಪ್ರಶ್ನಾರ್ಥಕ ಚಿಹ್ನಿನ ಅದಾವಲ್ರಿ. ನಿಮಗ ಸಂಶಯ ಇದ್ದಂಗೈತಿ" ಎಂದರು.

ತಲೆಬರಹ ಕೆಟ್ಟಿತೆಂದು ಕಾಕಾಗೆ ತಿಳಿಸಿದೆ. ನಮ್ಮ ಕಡೆ ಅದಕ್ಕೆ ಹಣೆಬರಹ ಅಂತಾರೆ ಎಂದರು ಅವರು.

೨. ಪರ್ಸೆಂಟ್

ಎರಡನೇ ಸಲ ತಲೆಬರಹ ಇಂಗ್ಲಿಷಿನಲ್ಲೇ ಹಾಕಿದೆ. ಆದರೆ ಜತೆಗಿಟ್ಟ ಫೋಟೊದ ಫೈಲಿಗೆ ಕಾಕಾನ ಹೆಸರನ್ನು ಕನ್ನಡದಲ್ಲಿ ಕೊಟ್ಟಿದ್ದೆ, ಬುದ್ಧಿ ಇಲ್ಲದವನು. ಫೈಲಿನ ಹೆಸರಿಗೆ ಮತ್ತೊಂದು ನಿಯಮವಂತೆ. ಅಲ್ಲಿ ಅದು '%E0%B2%AC%E0' ಎಂದು ಮೊಳದುದ್ದ ಬಂತು. ಈ ಸಲ ಗುಮಾಸ್ತರೇ ಫೋನ್ ಮಾಡಿದರು.

"ಬದುಕ್ಯಾರ ಅಂದ್ರ ಎಷ್ಟು ಪರ್ಸೆಂಟ್ ಅಂತ ಸರಿಯಾಗಿ ಬರೀರಿ."

ನನಗೆ ಮೈಯೆಲ್ಲ ಉರಿಯಿತು. ಪಕ್ಕದ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡ ಕಾಕಾ ಮಾತ್ರ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ನೂಲು ಕೊಟ್ರ ನೂರು, ಇಲ್ಲಂದ್ರ ಐವತ್ತು ಅಂತ ಬರಿ, ತಮ್ಮಾ."

೩. ಉತ್ತರ

ಮೂರನೇ ಸಲ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಳಿಸಿದೆ. ಕಾಕಾ ದಿನಾ ಬಂದು ಉತ್ತರ ಬಂತೇನು ಎಂದು ಕೇಳುತ್ತಿದ್ದರು. ಕೈಗೆ ಕೆಲಸ ಇಲ್ಲದೆ ಮನುಷ್ಯ ಇಳಿದುಹೋಗಿದ್ದರು. ಒಂದು ದಿನ ಬರಲಿಲ್ಲ. ಮಗ್ಗದ ಮುಂದೆ ಕಾಲಿಳಿಬಿಟ್ಟು ಕೂರುವ ಕುಣಿಯ ಪಕ್ಕದಲ್ಲಿ ಮಲಗಿದವರು ಏಳಲೇ ಇಲ್ಲವೆಂದು ಓಣಿಯವರು ಹೇಳಿದರು.

ಎಂಟು ದಿನದ ಮೇಲೆ ಉತ್ತರ ಬಂತು. ಕಚೇರಿಯವರೂ ಕನ್ನಡದಲ್ಲೇ ಕಳಿಸಿದ್ದರಿಂದ ತಲೆಬರಹ ಮತ್ತೆ ಬರೀ '?????'. ಒಳಗಿನ ಅಕ್ಷರ ಮಾತ್ರ ಸ್ಪಷ್ಟವಾಗಿತ್ತು. ಪ್ರಿಂಟ್ ತೆಗೆದುಕೊಂಡು ಕಾಕಾನ ಹೆಂಡತಿ ಕಾಕು ಹತ್ತಿರ ಹೋಗಿ ಓದಿದೆ: 'ತಾವು ಬದುಕಿರುವುದನ್ನು ಈ ಕಚೇರಿಯು ಒಪ್ಪಿದೆ. ಬಂದು ನೂಲು ಪಡೆಯತಕ್ಕದ್ದು.'

ಕಾಕು ಹಾಳೆಯನ್ನು ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡರು.

"ಎಂಟ್ ದಿನ ಮೊದಲ ತಿಳಿಸಿದ್ರ, ಮಣ್ಣ ಮಾಡ್ತಿದ್ದಿಲ್ಲಪಾ" ಎಂದರು.